ಡಕೋಟಾದಿಂದ ಬಿದ್ದ ಶೇಂಗಾ ಹಿಂಡಿ

ನಮ್ಮ ಕಡೆ ಡಕೋಟಾ ಎಂದರೆ ಲಟಾರಿ ಬಸ್ಸು. ಕಿಟಕಿಯ ಗಾಜು ಗಡಗಡ ಅನ್ನುತ್ತ, ಏರು ಬಂದಲ್ಲಿ ಉಸಿರು ಕಟ್ಟಿ ನಿಲ್ಲುವ ಬಸ್ಸು. ಹಾಗಾಗಿ ನಮ್ಮ ಕಾಕಾ ಮಿಲಿಟರಿಯಲ್ಲಿದ್ದಾಗ ಡಕೋಟಾದಲ್ಲಿ ಕೆಲಸ ಮಾಡುತ್ತಿದ್ದ ಎಂದು ಮನೆಯಲ್ಲಿ ಮಾತು ಬಂದಾಗಲೆಲ್ಲ, ಅವನು ಅಂಥದೊಂದು ಬಸ್ಸಿನ ಕಂಡಕ್ಟರ್ ಆಗಿದ್ದ ಎಂದೇ ಚಿಕ್ಕಂದಿನಲ್ಲಿ ನಾನು ತಿಳಿದಿದ್ದೆ.

ಅದು ವಿಮಾನ ಎಂದು ಗೊತ್ತಾದದ್ದು ಶಾಲೆಗೆ ಹೋಗತೊಡಗಿದ ಮೇಲೆ. ಗೊತ್ತಾದ ಮೇಲೂ ಗೆಳತಿಯರ ಮುಂದೆ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಕಾಕಾ ಪೈಲಟ್ ಅಲ್ಲ, ಮೆಕ್ಯಾನಿಕ್ ಅಲ್ಲ, ವಾಯುದಳದವನೂ ಅಲ್ಲ. ಭೂಸೇನೆಯ ಸರಬರಾಜು ವಿಭಾಗದ ಸಿಪಾಯಿ. ದೇಶದ ಈಶಾನ್ಯ ಮೂಲೆಯ ಗುಡ್ಡಗಳಲ್ಲಿ ರಸ್ತೆಯೇ ಇಲ್ಲದ ಚೌಕಿಗಳಿದ್ದವು. ಅಲ್ಲಿನ ಸೈನಿಕರಿಗೆ ಅಕ್ಕಿ, ಬೇಳೆ, ಉಪ್ಪು ಎಲ್ಲವೂ ಮೇಲಿನಿಂದಲೇ ಬೀಳಬೇಕು. ಆ ಕೆಲಸಕ್ಕೆ ಹೋಗುವ ವಿಮಾನದ ಹಿಂಬದಿಯ ಬಾಗಿಲನ್ನು ಕಿತ್ತೇ ಇಟ್ಟಿರುತ್ತಿದ್ದರಂತೆ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಆ ತೆರೆದ ಬಾಗಿಲಲ್ಲಿ ನಿಂತು, ಪೈಲಟ್ ಗಂಟೆ ಬಾರಿಸಿದ ಕೂಡಲೇ ಮೂಟೆಗಳನ್ನು ಹೊರಗೆ ನೂಕುವುದು ಕಾಕಾನ ಕೆಲಸ.

"ನೂಕೂದಷ್ಟ ನಮ್ಮದು. ಹಾರಸವ್ರು ಬ್ಯಾರೆ," ಎನ್ನುತ್ತಿದ್ದ.

ದುಮ್ಮವಾಡದ ಜನ ಮಾತ್ರ ಅವನನ್ನು ಪೈಲಟ್ ಎಂದೇ ಕರೆದರು. ಅದು ಅರ್ಧ ಚೇಷ್ಟೆ, ಅರ್ಧ ಪ್ರೀತಿ. ಎತ್ತಿನ ಗಾಡಿ ಹೊಡೆಯುತ್ತಿದ್ದರೆ, "ಏನ ಪೈಲಟ್ರ, ಇವತ್ತ ಭಾಳ ತಳಗ ಹಾರಾಕತ್ತೀರಲ್ಲ?" ಎನ್ನುವರು. ಕಾಕಾ ನಕ್ಕು ಸುಮ್ಮನಾಗುವನು. ಹಲವು ಸಲ ಅವನಿಗೆ ಆ ಮಾತು ಕೇಳಿಸಿರುತ್ತಲೂ ಇರಲಿಲ್ಲ. ಎಂಜಿನ್ನಿನ ಸಪ್ಪಳಕ್ಕೆ ಅವನ ಎಡಗಿವಿ ಅಲ್ಲಿಯೇ ಹೋಗಿತ್ತು. ಬಲಗಿವಿ ವಯಸ್ಸಾದಂತೆ ಮಂದವಾಯಿತು.

ನಾನು ಅವನ ಅಣ್ಣನ ಮಗಳು. ಮದುವೆಯಾಗಿ ಕಲಘಟಗಿಗೆ ಬಂದವಳು. ದೇವಿಕೊಪ್ಪದ ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಬಿಡುವಾದಾಗಲೆಲ್ಲ ದುಮ್ಮವಾಡದ ತವರಿಗೆ ಓಡುತ್ತೇನೆ. ಅಪ್ಪ ಅವ್ವ ಹೋದ ಮೇಲೆ ತವರು ಎಂದರೆ ಕಾಕಾ ಮತ್ತು ಚಿಗವ್ವನೇ. ಅವರ ಮಗ ಸೊಸೆ ಗದ್ದೆ, ಕಬ್ಬು ನೋಡಿಕೊಂಡು ಅದೇ ಮನೆಯಲ್ಲಿದ್ದಾರೆ. ಮನೆ ಯಾವಾಗಲೂ ಗಿಜಿಗಿಜಿ.

ಭತ್ತದ ಸುಗ್ಗಿ ಮುಗಿದ ಒಂದು ಭಾನುವಾರ ನಾನು ಅಲ್ಲಿಗೆ ಹೋದಾಗ ನನ್ನ ಮೊಬೈಲಿನಲ್ಲಿ ಒಂದು ವಿಡಿಯೋ ಇತ್ತು. ಶಾಲೆಯ ಗುಂಪಿಗೆ ಯಾರೋ ಕಳಿಸಿದ್ದು. ಎರಡು ಪಂಖದ ಹಳೆಯ ವಿಮಾನವೊಂದು ಮೋಡದ ನಡುವೆ ನಿಧಾನವಾಗಿ ತೇಲುತ್ತಿತ್ತು. ಕೆಳಗೆ ಡಕೋಟಾ ಎಂದು ಬರೆದಿತ್ತು. ಕಾಕಾ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಅವನ ಬಲಗಿವಿಯ ಹತ್ತಿರ ಬಾಗಿ ಕೂಗಿದೆ.

"ಕಾಕಾ, ನಿನ್ನ ಡಕೋಟಾ ನೋಡಿಲ್ಲಿ."

ಕಾಕಾ ಮೊಬೈಲನ್ನು ದೂರ ಹಿಡಿದು ನೋಡಿದ. "ಹಳೇ ಸಿನಿಮಾದ್ದೇನು?"

"ಅಲ್ಲೋ, ಈಗಿಂದು. ಈಗೂ ಹಾರಸ್ತಾರ."

"ಸುಳ್ಳ. ಅವನ್ನೆಲ್ಲಾ ಮುರದು ಗುಜರಿಗೆ ಹಾಕ್ಯಾರ. ನಾ ಕಣ್ಣಾರೆ ನೋಡೇನಿ. ರೆಕ್ಕಿ ಬ್ಯಾರೆ, ಮೈ ಬ್ಯಾರೆ ಮಾಡಿ ಒಟ್ಟಿದ್ರು."

ನನಗೆ ತಿಳಿದಷ್ಟನ್ನು ಹೇಳಿದೆ. ಗುಜರಿಗೆ ಹೋಗಲಿದ್ದ ಒಂದು ಡಕೋಟಾವನ್ನು ಯಾರೋ ಪುಣ್ಯಾತ್ಮರು ಕೊಂಡುಕೊಂಡು, ಪರದೇಶದಲ್ಲಿ ವರ್ಷಗಟ್ಟಲೆ ದುರಸ್ತಿ ಮಾಡಿಸಿ, ನಮ್ಮ ವಾಯುದಳಕ್ಕೆ ಕೊಟ್ಟಿದ್ದಾರೆ. ಅದು ಅಲ್ಲಿಂದ ತಾನೇ ಹಾರಿಕೊಂಡು ಬಂದಿದೆ. ಇಂಥ ಹಳೆಯ ವಿಮಾನಗಳು ಒಂದೆರಡು ಇನ್ನೂ ಇವೆ, ಅವನ್ನು ಜೋಪಾನವಾಗಿ ಇಟ್ಟು ಆಗಾಗ ಹಾರಿಸುತ್ತಾರೆ.

"ಯಾತಕ್ಕ?"

"ನೆನಪಿಗೆ."

"ಬರೇ ನೆನಪಿಗೆ ಅಂತ ಇಷ್ಟ ಎಣ್ಣಿ ಸುಡತಾರೇನು?" ಎಂದ. ಆದರೆ ಮೊಬೈಲು ಹಿಂದಕ್ಕೆ ಕೊಡಲಿಲ್ಲ. ಸಪ್ಪಳ ಹೆಚ್ಚು ಮಾಡಿಸಿ ಕಿವಿಗೆ ಒತ್ತಿಕೊಂಡ. ಕಣ್ಣು ಮುಚ್ಚಿದ. ವಿಡಿಯೋ ಮುಗಿದ ಮೇಲೂ ಹಾಗೇ ಕೂತಿದ್ದ. ಆಮೇಲೆ, ಬಹಳ ಸಹಜವಾಗಿ ಎಂಬಂತೆ ಹೇಳಿದ: "ಇದರಾಗಿಂದ ನಾ ನಿಮ್ಮ ಚಿಗವ್ವನ ಹಿಂಡಿ ಒಗದೇನಿ ನೋಡು."

ನನಗೆ ಅರ್ಥವಾಗಲಿಲ್ಲ. ಬಿಡಿಸಿ ಕೇಳಿದೆ.

ಆಗ ಕಾಕಾನಿಗೆ ಹೊಸದಾಗಿ ಮದುವೆಯಾಗಿತ್ತು. ಚಿಗವ್ವ ಊರಿನಲ್ಲಿ. ರಜೆ ಮುಗಿಸಿ ಹೋಗುವ ಪಕ್ಕದೂರಿನ ಯಾರಾದರೂ ಸಿಪಾಯಿ ಸಿಕ್ಕರೆ ಅವಳು ರೊಟ್ಟಿಗೆ ಹಚ್ಚಿಕೊಳ್ಳುವ ಖಾರದ ಶೇಂಗಾ ಪುಡಿ, ಅಂದರೆ ಶೇಂಗಾ ಹಿಂಡಿಯನ್ನು ಬಟ್ಟೆಯಲ್ಲಿ ಕಟ್ಟಿ, ಜೊತೆಗೆ ಕಡಕ್ ರೊಟ್ಟಿ ಕೊಟ್ಟು ಕಳಿಸುತ್ತಿದ್ದಳು. ಒಂದು ದಿನ ಕಾಕಾನ ತಾಣದ ವಾಯರ್‌ಲೆಸ್ ಕೋಣೆಯವನು ಬಂದು, ಗುಡ್ಡದ ಮೇಲಿನ ಒಂದು ಚೌಕಿಯಲ್ಲಿ ನಿನ್ನ ಭಾಷೆಯವನು ಒಬ್ಬನಿದ್ದಾನೆ, ಅವನೂ ವಾಯರ್‌ಲೆಸ್ ನೋಡಿಕೊಳ್ಳುವವನು, ಮಾತಾಡುತ್ತೀಯಾ ಎಂದು ಕೇಳಿದ. ಸಾಹೇಬರು ಇಲ್ಲದ ಹೊತ್ತು ನೋಡಿ ಕಾಕಾ ಹೋದ. ಗೊರಗೊರ ಸಪ್ಪಳದ ನಡುವೆ ಒಂದು ಧ್ವನಿ ಕೇಳಿತು: "ಯಾವೂರ್ರಿ?"

"ಕಲಘಟಗಿ ಬಾಜೂಕ, ದುಮ್ಮವಾಡ. ನಿಮ್ಮದು?"

"ನವಲಗುಂದ."

ಮಾತು ಅಷ್ಟೇ. ಹೆಸರು ಕೇಳುವಷ್ಟರಲ್ಲಿ ಲೈನು ಬಿಡಬೇಕಾಯಿತು. ಮುಂದೆಯೂ ಅವರು ಹೆಸರು ಕೇಳಿಕೊಳ್ಳಲಿಲ್ಲ. ಒಬ್ಬ ದುಮ್ಮವಾಡ, ಇನ್ನೊಬ್ಬ ನವಲಗುಂದ. ಅದಾದ ಮೇಲೆ ಆ ಚೌಕಿಗೆ ಸಾಮಾನು ಹೋಗುವ ದಿನ ಕಾಕಾ ತನಗೆ ಬಂದ ಹಿಂಡಿಯ ಗಂಟನ್ನು ಬೇಳೆಯ ಮೂಟೆಯೊಳಗೆ ಹುದುಗಿಸಿ ಹೊಲಿಯುತ್ತಿದ್ದ. ಒಂದು ಸಲ ರೊಟ್ಟಿಯನ್ನೂ ಇಟ್ಟ. ಸಂಜೆ ವಾಯರ್‌ಲೆಸ್ಸಿನಲ್ಲಿ ಉತ್ತರ ಬಂತು: "ಹಿಂಡಿ ಬಂತು. ರೊಟ್ಟಿ ಹಿಟ್ಟ ಆಗಿ ಬಂದಾವು."

ಇದನ್ನು ಹೇಳಿ ಕಾಕಾ ತಾನೇ ನಕ್ಕ. ನಾನೂ ನಕ್ಕೆ. ಹಿಂದೆ ತಿರುಗಿದರೆ ಬಾಗಿಲಲ್ಲಿ ಚಿಗವ್ವ ಕೈಯಲ್ಲಿ ಮೊರ ಹಿಡಿದು ನಿಂತಿದ್ದಳು.

"ಏನಂದ್ರಿ?"

ಕಾಕಾನಿಗೆ ಕೇಳಿಸಲಿಲ್ಲವೋ, ಕೇಳಿಸದಂತೆ ಮಾಡಿದನೋ.

"ನೀವು ತಿಂತೀರಿ ಅಂತ ಕಳಸ್ತಿದ್ದೆ ನಾನು. ಇನ್ನಷ್ಟ ಕಳಸು, ಇನ್ನಷ್ಟ ಕಳಸು ಅಂತ ಬರೀತಿದ್ರಿ. ನನ್ನ ಗಂಡಗ ಹಿಂಡಿ ಅಂದ್ರ ಇಷ್ಟ ಜೀವಾ ಅಂತ ಊರ ತುಂಬ ಹೇಳ್ಕೊಂಡ ತಿರಗೇನಿ. ಯಾವನೋ ನವಲಗುಂದದಾಂವಗ ಹಾಕಿ ಬಂದೀರಿ?"

"ಅಂವಗ ಅಲ್ಲಿ ಏನೂ ಇರಲಿಲ್ಲಲೇ. ಬರೇ ಮಳಿ, ರಕ್ತಾ ಹೀರೂ ಜಿಗಳಿ," ಎಂದ ಕಾಕಾ.

ಚಿಗವ್ವ ಒಳಗೆ ಹೋದಳು. ಆ ದಿನ ಊಟದ ಹೊತ್ತಿಗೂ ಅವನೊಡನೆ ಮಾತಾಡಲಿಲ್ಲ. ನಾನು ಕಲಘಟಗಿಗೆ ಹೊರಟು ನಿಂತಾಗ ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಬಂದಳು. ದಾರಿಯಲ್ಲಿ ಕೇಳಿದಳು: "ನವಲಗುಂದಕ್ಕ ಬಸ್ ಹುಬ್ಬಳ್ಳಿಂದ ಹೋಗತಾವಲ್ಲ?"

"ಹೋಗತಾವು. ಯಾಕ ಚಿಗವ್ವ?"

"ನನ್ನ ಹಿಂಡಿ ತಿಂದಾಂವನ್ನ ನಾ ನೋಡಬೇಕು."

ಕಾಕಾ ಒಪ್ಪಲಿಲ್ಲ. ಊರಿಗೆ ಮರಳಿ ಇಷ್ಟು ವರ್ಷವಾದರೂ ಅವನು ನವಲಗುಂದಕ್ಕೆ ಹೋಗದೆ ಇದ್ದುದಕ್ಕೆ ಒಂದು ಕಾರಣವಿತ್ತು. "ಹೋಗಿ ಏನ ಹೇಳೂದು? ನಿಮಗ ಹಿಂಡಿ ಕೊಟ್ಟಾಂವ ನಾನ ಅಂತ ಹೇಳೂದು? ಅದು ಉಪಕಾರ ನೆನಪ ಮಾಡಾಕ ಹೋದಂಗ ಆಕ್ಕೈತಿ," ಎಂದ. ಚಿಗವ್ವ ಬಿಡಲಿಲ್ಲ. "ನೀವು ಹೇಳಬ್ಯಾಡ್ರಿ. ನಾ ಹೇಳ್ತೇನಿ. ಹಿಂಡಿ ನಂದು," ಎಂದಳು.

ಹೀಗಾಗಿ ನನ್ನ ರಜೆಯ ಒಂದು ದಿನ ಮೂವರೂ ಹೊರಟೆವು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಕಂಡಕ್ಟರ್ ಕಾಕಾನ ಮುಂದೆ ನಿಂತು ಎಲ್ಲಿಗೆ ಎಂದು ಕೇಳಿದ. ಕಾಕಾನಿಗೆ ಕೇಳಿಸಲಿಲ್ಲ. "ಅವ್ರನ್ನ ನಾವ ಕರಕೊಂಡ ಹೊಂಟೇವ್ರಿ, ಅವ್ರದೊಂದ ಕೊಡ್ರಿ," ಎಂದಳು ಚಿಗವ್ವ. ಹುಬ್ಬಳ್ಳಿ ದಾಟಿದ ಮೇಲೆ ಕಾಕಾ ಕಿಟಕಿಯಿಂದ ಮುಖ ತೆಗೆಯಲಿಲ್ಲ. ನಮ್ಮ ಕಡೆ ಕಣ್ಣು ಹಾಯಿಸಿದಲ್ಲಿ ಗಿಡಗಂಟಿ ಅಡ್ಡ ಬರುತ್ತದೆ. ಇಲ್ಲಿ ಕರಿ ಮಣ್ಣಿನ ಬಯಲು ಆಕಾಶ ಮುಟ್ಟುವತನಕ ಹರಡಿಕೊಂಡಿತ್ತು. "ಇಲ್ಲಿ ಒಗದ್ರ ಒಂದು ಮೂಟಿನೂ ಕಳೀತಿರಲಿಲ್ಲ ನೋಡು," ಎಂದ.

ನವಲಗುಂದದ ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ನಾನು ವಿಚಾರಿಸಿದೆ. ಮಿಲಿಟರಿಯಲ್ಲಿ ವಾಯರ್‌ಲೆಸ್ ಮೇಲೆ ಇದ್ದ ಹಿರಿಯರು ಯಾರಾದರೂ ಇದ್ದಾರೆಯೇ? ಅಂಗಡಿಯವರು ತಲೆ ಕೆರೆದುಕೊಳ್ಳಲೂ ಇಲ್ಲ. "ರೇಡಿಯೋ ರಿಪೇರಿ ಅಜ್ಜಾ ಅಲ್ರಿ? ಅಂಗಡಿ ಬಂದ್ ಮಾಡ್ಯಾರ ಈಗ. ಮನಿ ಆ ಓಣ್ಯಾಗ ಐತಿ," ಎಂದು ತೋರಿಸಿದರು.

ಮನೆಯ ಮುಂದಿನ ಪಡಸಾಲೆಯಲ್ಲಿ ಜಮಖಾನ ಹಾಸಿಕೊಂಡು ದಪ್ಪ ಕನ್ನಡಕದ ಎತ್ತರದ ಮನುಷ್ಯರೊಬ್ಬರು ಪೇಪರ್ ಓದುತ್ತಿದ್ದರು. ಮಾತಾಡುತ್ತೇನೆ ಎಂದಿದ್ದ ಚಿಗವ್ವ ನನ್ನ ಹಿಂದೆ ಸರಿದಳು. ಕಾಕಾ ಚಪ್ಪಲಿ ಬಿಟ್ಟು, ಅಂಗಳದಲ್ಲೇ ನಿಂತು, ಸಿಪಾಯಿಯ ಹಾಗೆ ನೆಟ್ಟಗಾದ.

"ನಾನ್ರಿ, ದುಮ್ಮವಾಡ."

ಅವರು ಪೇಪರ್ ಇಳಿಸಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

"ದುಮ್ಮವಾಡ? ಡಕೋಟಾ ದುಮ್ಮವಾಡ?"

"ಹೌದ್ರಿ."

ಅವರು ಎದ್ದು ನಿಂತು ಮನೆಯೊಳಗೆ ಕೂಗಿದರು: "ಏ ಹುಡುಗಿ, ಹೊರಗ ಬಾ, ಲಗೂನ ಬಾ. ಹಿಂಡಿ ಬಂದೈತಿ ನೋಡು!"

ಒಳಗಿನಿಂದ ಅವರ ಮೊಮ್ಮಗಳು ಓಡಿ ಬಂದಳು. ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವವಳು, ಗಂಡನೊಡನೆ ಅಲ್ಲಿಯೇ ಇರುವವಳು, ಅಂದು ಅಜ್ಜನನ್ನು ನೋಡಲು ಬಂದಿದ್ದಳು. "ಅಯ್ಯ, ಖರೇನ ಅದಾರೇನು ನೀವು?" ಎಂದು ಕಾಕಾನನ್ನೇ ನೋಡಿದಳು. ಆ ಮನೆಯಲ್ಲಿ ಹಿಂಡಿ ಬಡಿಸುವಾಗಲೆಲ್ಲ ಅಜ್ಜ ಆ ಕಥೆ ಹೇಳುತ್ತಿದ್ದರಂತೆ. ಮಕ್ಕಳೆಲ್ಲ ಅದನ್ನು ಅಜ್ಜನ ಬೊಗಳೆ ಎಂದುಕೊಂಡಿದ್ದರು.

ಚಿಗವ್ವ ತಂದಿದ್ದ ಡಬ್ಬಿ ಮುಂದಿಟ್ಟಳು. ಅವರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಕಿರಿದು ಮಾಡಿದರು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು.

"ಚಲೋ ಐತ್ರೆವ್ವಾ. ಆದ್ರ ಆವಾಗಿನದರಾಗ ಬಳ್ಳೊಳ್ಳಿ ಇನ್ನಷ್ಟ ಇರ್ತಿತ್ತು."

ಚಿಗವ್ವನ ಮುಖ ಕೆಂಪಾಯಿತು. ಸೆರಗು ಸರಿಮಾಡಿಕೊಂಡಳು. "ಅದು ನಮ್ಮತ್ತಿ ಕೈಯಿಂದ್ರಿ. ಆಕಿ ಕುಟ್ಟತಿದ್ಲು. ನಾ ಅರಿವ್ಯಾಗ ಕಟ್ಟತಿದ್ದೆ."

ಕಾಕಾ ಕಿವಿಗೆ ಕೈ ಹಚ್ಚಿದ. ನಾನು ಕೂಗಿ ಹೇಳಿದೆ. ಅವನು ಚಿಗವ್ವನ ಕಡೆ ತಿರುಗಿದ. "ನನ್ನ ಕೈಯಾರೆ ಕುಟ್ಟೇನಿ ಅಂತ ಬರೀತಿದ್ದಿ?"

"ಹೊಸದಾಗಿ ಲಗ್ನ ಆದಾಕಿ ಮತ್ತೇನ ಬರೀಬೇಕ್ರಿ?" ಎಂದಳು. ಮೊದಲು ನಕ್ಕವರು ನವಲಗುಂದದವರು. ಆಮೇಲೆ ಆ ಪಡಸಾಲೆಯಲ್ಲಿ ನಗದವರು ಉಳಿಯಲಿಲ್ಲ. ಒಂದು ತಿಂಗಳಿನಿಂದ ಗಂಡನ ಮೇಲಿದ್ದ ಚಿಗವ್ವನ ಸಿಟ್ಟೂ ಅಲ್ಲೇ ಮುಗಿಯಿತು.

ಊಟವಾದ ಮೇಲೆ ಮುದುಕರಿಬ್ಬರೂ ಜಮಖಾನದ ಮೇಲೆ ಹತ್ತಿರ ಹತ್ತಿರ ಕೂತರು. ನವಲಗುಂದದವರು ಕಾಕಾನ ಬಲಗಡೆ ಕೂತು ಗಟ್ಟಿಯಾಗಿ, ಪ್ರತಿ ಮಾತನ್ನೂ ಬಿಡಿಸಿ ಹೇಳುತ್ತಿದ್ದರು. ಮೋಡದ ದಿನಗಳ ಮಾತು ಬಂದದ್ದು ಆಗ. ಅದನ್ನು ತೆಗೆದವನು ಕಾಕಾನೇ.

"ಒಂದು ಮಳಿಗಾಲ ನೆನಪೈತೇನ್ರಿ? ದಿನಾ ಬರ್ತಿದ್ವಿ. ಗುಡ್ಡದ ಮ್ಯಾಲೆ ಬರೇ ಬೆಳ್ಳಗ ಮೋಡ. ತಳಗ ಏನೂ ಕಾಣೂದಿಲ್ಲ. ಸುತ್ತ ಹೊಡದು ಹೊಡದು ಹೊಳ್ಳಿ ಹೋಗ್ತಿದ್ವಿ. ಮೂಟಿ ಎಲ್ಲಾ ಹಂಗ ಬಾಗಲದಾಗ ಇಟಕೊಂಡು ಹೊಳ್ಳಿ ಹೋಗೂದು." ಕಾಕಾ ಕೈಯನ್ನು ಜಮಖಾನದ ಮೇಲೆ ಹಿಂದೆ ಮುಂದೆ ಎಳೆಯುತ್ತಿದ್ದ. "ರಾತ್ರಿ ಮೆಸ್ಸಿನಾಗ ನನಗ ಅನ್ನ ಇಳೀತಿರಲಿಲ್ರಿ. ಅಲ್ಲಿ ನವಲಗುಂದ ಉಪಾಸ ಐತಿ. ಇವ್ರು ನಮ್ಮನ್ನ ಮರತ್ರು ಅನ್ಕೊಂಡಿರ್ತಾನ ಅಂತ."

ಇದನ್ನು ಅವನು ನಮಗೆ ಯಾರಿಗೂ ಹೇಳಿರಲಿಲ್ಲ. ಚಿಗವ್ವ ಅವನನ್ನೇ ನೋಡುತ್ತಿದ್ದಳು.

ನವಲಗುಂದದವರು ಕಾಕಾನ ಕೈಯ ಮೇಲೆ ತಮ್ಮ ಕೈ ಇಟ್ಟು ಅದನ್ನು ನಿಲ್ಲಿಸಿದರು.

"ಕೇಳಿಸ್ತಿತ್ರಿ."

"ಆಂ?"

"ನಿಮ್ಮ ಸಪ್ಪಳ ಕೇಳಿಸ್ತಿತ್ತು. ಮೋಡದ ಮ್ಯಾಲೆ ಸುತ್ತ ಹೊಡಿಯೂದು ಕೇಳಿಸ್ತಿತ್ತು. ಎಲ್ಲಾರೂ ಹೊರಗ ಬಂದು ಮಳ್ಯಾಗ ನಿಂದರ್ತಿದ್ವಿ. ಏನೂ ಕಾಣ್ತಿರಲಿಲ್ಲ. ಆದ್ರ ಬಂದಾರ ಅಂತ ಗೊತ್ತಾಗ್ತಿತ್ತು. ಇವತ್ತ ಆಗಲಿಲ್ಲ, ನಾಳೆ ಮತ್ತ ಬರ್ತಾರ ಅಂತ ಗೊತ್ತಾಗ್ತಿತ್ತು. ಇದ್ದ ಅಕ್ಕಿ ಗಂಜಿ ಮಾಡಿ ಕುಡದ್ವಿ. ಮರತಾರ ಅಂತ ಒಬ್ಬಾವ ಅನ್ನಲಿಲ್ರಿ."

ಕಾಕಾನಿಗೆ ಒಂದೇ ಸಲಕ್ಕೆ ಎಲ್ಲವೂ ಕೇಳಿಸಿತೋ ಇಲ್ಲವೋ. ಅವನು ನನ್ನ ಕಡೆ ನೋಡಿದ. ನಾನು ಅವನ ಕಿವಿಯ ಹತ್ತಿರ ಬಾಗಿ ಮತ್ತೆ ಹೇಳಿದೆ. ಕಾಕಾ ತಲೆಯಾಡಿಸಿದ. ಟವೆಲಿನಿಂದ ಮುಖ ಒರೆಸಿಕೊಂಡು, "ಇಲ್ಲಿ ಭಾಳ ಸೆಕಿ ಐತಿ," ಎಂದ. ಅದು ಚಳಿಗಾಲ.

ಹೊರಡುವಾಗ ಮೊಮ್ಮಗಳು ನನ್ನ ನಂಬರ್ ತೆಗೆದುಕೊಂಡಳು. ಅವಳ ಫೋನು ಬಂದದ್ದು ಫೆಬ್ರವರಿಯಲ್ಲಿ. ನಾನು ಶಾಲೆಯಲ್ಲಿದ್ದೆ. ಅವಳ ಧ್ವನಿಯಲ್ಲೇ ಗಡಿಬಿಡಿ ಇತ್ತು. ಬೆಂಗಳೂರಿನಲ್ಲಿ ವಿಮಾನಗಳ ದೊಡ್ಡ ಪ್ರದರ್ಶನವಿದೆ, ಆ ಹಳೆಯ ಡಕೋಟಾ ಉತ್ತರದಿಂದ ಅಲ್ಲಿಗೆ ಹೊರಟಿದೆ, ನಾಳೆ ಮುಂಜಾನೆ ಹುಬ್ಬಳ್ಳಿಯಲ್ಲಿ ಇಳಿದು ಎಣ್ಣೆ ಹಾಕಿಸಿಕೊಂಡು ಹೋಗುತ್ತದೆ.

"ಒಳಗ ಬಿಡಿಸಾಕ ಆಕ್ಕೈತೇನು?" ಎಂದು ಕೇಳಿದೆ.

"ಕೇಳಿ ನೋಡಿದೆರಿ ಅಕ್ಕಾ. ಆಗೂದಿಲ್ಲ ಅಂದ್ರು. ಮಿಲಿಟರಿ ಇಮಾನ, ಹತ್ರ ಯಾರನ್ನೂ ಬಿಡೂದಿಲ್ಲ. ಆದ್ರ ರನ್‌ವೇ ಮುಗಿಯೋ ಕಡೆ ಹೊಲ ಅದಾವು. ಬೇಲಿ ಹೊರಗ ನಿಂತ್ರ ಏರೂದು ಚಲೋ ಕಾಣತೈತಿ. ಅಜ್ಜಾನ ನಾ ಕರಕೊಂಡ ಬರ್ತೇನಿ."

ಮರುದಿನ ಶಾಲೆಗೆ ರಜೆ ಹಾಕಿ, ಮನೆಯವರ ಕಾರು ತೆಗೆದುಕೊಂಡು ನಾನೇ ಓಡಿಸಿದೆ. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ, ಧೋತ್ರ, ಗಾಂಧಿ ಟೊಪ್ಪಿಗೆ ಹಾಕಿಕೊಂಡಿದ್ದ. ಚಿಗವ್ವ ಇಳಕಲ್ ಸೀರೆ ಉಟ್ಟಿದ್ದಳು. ಬೀಗರ ಮನೆಗೆ ಹೊರಟವರ ಹಾಗೆ ಕಾಣುತ್ತಿದ್ದರು. ಹೊಲದ ದಾರಿಯಲ್ಲಿ ನವಲಗುಂದದವರು ಆಗಲೇ ಬಂದು ಕೋಲೂರಿ ನಿಂತಿದ್ದರು. ಮೊಮ್ಮಗಳು ಅವರನ್ನು ಬಿಟ್ಟು ಕೆಲಸಕ್ಕೆ ಹೋಗಿದ್ದಳು.

ಅದು ಕಡಲೆಯ ಹೊಲ. ಹೊಲದ ಒಡತಿ, ಐವತ್ತರ ಹೆಂಗಸು, ಕಡಲೆ ಕೀಳುತ್ತಿದ್ದವಳು ಸೊಂಟ ನೆಟ್ಟಗೆ ಮಾಡಿ ನಮ್ಮನ್ನು ನೋಡಿದಳು.

"ಏನ ನೋಡಾಕ ಬಂದೀರಿ?"

"ಇಮಾನ ನೋಡಾಕ್ರಿ," ಎಂದಳು ಚಿಗವ್ವ.

"ಅಯ್ಯ, ಅವ ದಿನಾ ಹಾರತಾವಲ್ಲ."

"ಇದು ನಮ್ಮದ್ರಿ," ಎಂದಳು ಚಿಗವ್ವ. ಆ ಮಾತು ಕೇಳಿ ನನಗೆ ನಗೆ ಬಂತು.

ಡಕೋಟಾ ಇಳಿದದ್ದನ್ನು ನಾವು ದೂರದಿಂದ ನೋಡಿದೆವು. ಬೇಲಿಯಾಚೆ ಅದು ಸಣ್ಣ ಆಟಿಕೆಯ ಹಾಗೆ ಉರುಳಿ ಹೋಗಿ ಕಟ್ಟಡದ ಹಿಂದೆ ಮರೆಯಾಯಿತು. ಆಮೇಲೆ ಕಾಯುವುದು. ಬಿಸಿಲೇರಿತು. ಎರಡು ದೊಡ್ಡ ವಿಮಾನಗಳು ಬಂದವು, ಹೋದವು. ಅವುಗಳ ಕಡೆ ಮುದುಕರಿಬ್ಬರೂ ಕಣ್ಣೆತ್ತಲಿಲ್ಲ. ನವಲಗುಂದದವರು ಮಾತಿನ ನಡುವೆ ಥಟ್ಟನೆ ನಿಂತರು. ಕೋಲನ್ನು ನೆಲಕ್ಕೆ ಒತ್ತಿ ತಲೆ ಓರೆ ಮಾಡಿದರು.

"ಚಾಲೂ ಮಾಡಿದ್ರು," ಎಂದರು.

ನನಗಿನ್ನೂ ಏನೂ ಕೇಳಿರಲಿಲ್ಲ. ಕಾಕಾ ನಮ್ಮ ಮುಖಗಳನ್ನು ನೋಡಿ ತಿಳಿದುಕೊಂಡ. ಕೊಂಚ ಹೊತ್ತಿಗೆ ಅದು ರನ್‌ವೇಯ ಆ ತುದಿಗೆ ಬಂದು ನಿಂತಿತು. ಮೂಗು ಮೇಲೆ, ಬಾಲ ನೆಲಕ್ಕೆ. ಕೂತ ದನದ ಹಾಗೆ. ಆಮೇಲೆ ಓಡತೊಡಗಿತು. ಮೊದಲು ಬಾಲ ಎದ್ದಿತು. ಆಮೇಲೆ ಇಡೀ ಮೈ ನೆಲ ಬಿಟ್ಟಿತು. ಇಂದಿನ ವಿಮಾನಗಳ ಹಾಗೆ ಮೇಲಕ್ಕೆ ಚಿಮ್ಮಲಿಲ್ಲ. ಅವಸರವಿಲ್ಲದೆ, ಸ್ವಲ್ಪ ಸ್ವಲ್ಪವೇ ಏರುತ್ತ, ನೇರ ನಮ್ಮ ಕಡೆಗೇ ಬಂತು. ಸಪ್ಪಳ ಮೊದಲು ಕಾಲಿಗೆ ತಾಕಿತು, ಆಮೇಲೆ ಎದೆಗೆ.

ಆಗ ಯಾರೂ ಎಣಿಸದ್ದು ನಡೆಯಿತು. ನವಲಗುಂದದವರು ಕೋಲು ಕೆಳಗೆ ಹಾಕಿ, ಒಂದು ಕೈಯಿಂದ ನನ್ನ ತೋಳು, ಇನ್ನೊಂದರಿಂದ ಚಿಗವ್ವನ ತೋಳು ಹಿಡಿದು ಬದಿಗೆ ಎಳೆಯತೊಡಗಿದರು. "ಸರೀರಿ, ಸರೀರಿ! ಬಯಲಾಗ ನಿಂದರಬ್ಯಾಡ್ರಿ, ಮೂಟಿ ಬೀಳ್ತಾವು!"

ಅವರ ಹಿಡಿತದ ಬಲ ನೋಡಿ ನಾವೂ ಓಡಿದೆವು. ಬದುವಿನ ಮೇಲಿನ ಬೇವಿನ ಗಿಡದ ಕೆಳಗೆ ಹೋಗಿ ನಿಂತೆವು. ಕಡಲೆ ಕೀಳುತ್ತಿದ್ದ ಹೆಂಗಸೂ ಏನೋ ಅನಾಹುತವೆಂದು ನಮ್ಮ ಹಿಂದೆಯೇ ಓಡಿ ಬಂದಳು. ಕಾಕಾ ಒಬ್ಬನೇ ಹೊಲದ ನಡುವೆ ಟೊಪ್ಪಿಗೆ ಕೈಯಲ್ಲಿ ಹಿಡಿದು ಮೇಲೆ ನೋಡುತ್ತ ನಿಂತಿದ್ದ. ಡಕೋಟಾದ ಹೊಟ್ಟೆ ಅವನ ತಲೆಯ ಮೇಲೆ ಹಾದುಹೋಯಿತು. ನೆರಳು ಅವನನ್ನು ಮುಚ್ಚಿ ತೆರೆಯಿತು.

ಸಪ್ಪಳ ದೂರವಾದ ಮೇಲೆ ನವಲಗುಂದದವರಿಗೆ ಎಚ್ಚರವಾದಂತಾಯಿತು. ನಮ್ಮ ತೋಳು ಬಿಟ್ಟರು. "ತಪ್ಪ ತಿಳೀಬ್ಯಾಡ್ರೆವ್ವಾ," ಎಂದರು. "ಅಲ್ಲಿ ಅದು ಬಂತಂದ್ರ ನಮ್ಮ ಹುಡುಗ್ರನ್ನ ಹಿಂಗ ಬದೀಗೆ ಓಡಸ್ತಿದ್ದೆ. ಅಕ್ಕಿ ಮೂಟಿ ತಲಿ ಮ್ಯಾಲೆ ಬಿದ್ರ ಮನಷ್ಯಾ ಉಳೀತಾನೇನು?" ನಗುತ್ತಿದ್ದರು. ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು. ಚಿಗವ್ವ ಬಗ್ಗಿ ಅವರ ಕೋಲು ಎತ್ತಿಕೊಟ್ಟಳು.

ಕಾಕಾ ನಿಧಾನವಾಗಿ ಕಡಲೆಯ ಸಾಲು ದಾಟಿಕೊಂಡು ಬಂದ. ಅವನ ಮುಖದಲ್ಲಿ ನಾನು ಹಿಂದೆಂದೂ ನೋಡಿರದ ಬೆರಗಿತ್ತು. ನವಲಗುಂದದವರ ಮುಂದೆ ನಿಂತು ಕೇಳಿದ:

"ಇಷ್ಟ ಸಣ್ಣದಿತ್ತೇನಲೇ ಇದು?"

ಅವನು ಅವರನ್ನು ಲೇ ಎಂದದ್ದು ಅದೇ ಮೊದಲು.

"ಯಾಕ, ನೀ ನೋಡಿಲ್ಲೇನು?" ಎಂದರು ಅವರೂ.

"ತಳಗ ನಿಂತು ಹಾರೂದು ಹಿಂಗ ನೋಡಿಲ್ಲಲೇ. ಯಾವಾಗೂ ಒಳಗ ಇರ್ತಿದ್ದೆ. ಒಳಗಿದ್ರ ದೊಡ್ಡ ಮನಿ ಇದ್ದಂಗ ಇತ್ತು." ಕಾಕಾ ಮತ್ತೆ ಆಕಾಶ ನೋಡಿದ. ಅಲ್ಲಿ ಒಂದು ಚುಕ್ಕೆ ಮಾತ್ರ ಉಳಿದಿತ್ತು. "ಎಷ್ಟ ಚಂದ ಹೋಕ್ಕೈತಿ."

"ನನಗ ಒಳಗ ಹೆಂಗಿರ್ತಿತ್ತು ಅಂತ ಗೊತ್ತಿಲ್ಲ ನೋಡು," ಎಂದರು ಅವರು. "ಇವತ್ತರೆ ನೋಡಬೇಕಂತ ಮಾಡಿದ್ದೆ. ಬಿಡಲಿಲ್ಲ."

"ನಾ ಹೇಳ್ತೇನಿ ಬಾ," ಎಂದ ಕಾಕಾ.

ಬೇವಿನ ಗಿಡದ ಬುಡದಲ್ಲಿ ಇಬ್ಬರೂ ಕೂತರು. ಕಾಕಾ ಒಂದು ಕಡ್ಡಿಯಿಂದ ಕರಿ ಮಣ್ಣಿನ ಮೇಲೆ ಗೆರೆ ಎಳೆದು, ಇಲ್ಲಿ ಬಾಗಿಲು, ಇಲ್ಲಿ ಮೂಟೆ, ಇಲ್ಲಿ ನಾನು ಎಂದು ತೋರಿಸತೊಡಗಿದ. ಹೊಲದ ಒಡತಿ ಒಂದು ಹೊರೆ ಹಸಿ ಕಡಲೆ ಗಿಡ ತಂದು ನಮ್ಮ ಮುಂದೆ ಹಾಕಿದಳು. ನಾವು ಹೆಂಗಸರು ಸುಲಿದು ತಿನ್ನುತ್ತ, ಅವರಿಗೂ ಸುಲಿದು ಕೊಡುತ್ತ ಕೂತೆವು. ಯಾಕೆ ಓಡಿದ್ದು ಎಂದು ಅವಳು ಕೇಳಿದಳು. ಚಿಗವ್ವ ಮೊದಲಿನಿಂದ ಹೇಳತೊಡಗಿದಳು. ಹಿಂಡಿ ಕುಟ್ಟಿದವಳು ಅತ್ತೆ ಎಂಬುದನ್ನೂ ಬಿಡದೆ ಹೇಳಿದಳು.

ಆಮೇಲೆ ಎರಡೂ ಮನೆಗಳಿಗೆ ಹೋಗಿಬರುವುದು ನಡೆದೇ ಇದೆ. ಭಾನುವಾರ ನವಲಗುಂದದಿಂದ ಫೋನು ಬರುತ್ತದೆ. ಕಾಕಾನಿಗೆ ಫೋನಿನ ಮಾತು ಕೇಳುವುದಿಲ್ಲವಾದ್ದರಿಂದ ಚಿಗವ್ವ ನಡುವೆ ನಿಂತು ಅಲ್ಲಿಯದನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ದಾಟಿಸುತ್ತಾಳೆ. ದಾಟಿಸುವಾಗ ತನ್ನದನ್ನೂ ಒಂದಷ್ಟು ಸೇರಿಸುತ್ತಾಳೆ ಎಂದು ನನ್ನ ಗುಮಾನಿ.

ಈ ಸಲದ ಮಳೆಗಾಲ ಮುಗಿದ ಮೇಲೆ ನವಲಗುಂದದವರು ಕಲಘಟಗಿಗೇ ಬಂದರು. ಮೊಮ್ಮಗಳಿಗೆ ಗಂಡುಮಗು ಹುಟ್ಟಿತ್ತು. ಕಲಘಟಗಿಯ ತೊಟ್ಟಿಲಿಗೆ ಸುತ್ತೆಲ್ಲ ಹೆಸರು, ಅದೇ ಬೇಕಾಗಿತ್ತು. ಕಾಕಾನೂ ಬಂದ. ಮೂವರೂ ಬಣ್ಣದ ತೊಟ್ಟಿಲು ಮಾಡುವವರ ಮನೆಗೆ ಹೋದೆವು. ತೊಟ್ಟಿಲಿನ ಬದಿಯಲ್ಲಿ ಏನು ಚಿತ್ರ ಬರೆಯಲಿ ಎಂದು ಅವರು ಕೇಳಿದಾಗ ಮುದುಕರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇಮಾನ ಬರೀತೀರೇನ್ರಿ?" ಎಂದ ಕಾಕಾ.

ತೊಟ್ಟಿಲು ಮಾಡುವವರು ಬ್ರಶ್ಶನ್ನು ಬಟ್ಟೆಗೆ ಒರೆಸುತ್ತ ಒಂದು ಕ್ಷಣ ವಿಚಾರ ಮಾಡಿದರು. "ಇಲ್ರಿ ಅಜ್ಜಾರ. ಕೂಸು ಮಲಗೂ ಜಾಗಾ ಅದು. ನಾನು ಗಿಳಿ ಬರೀತೇನಿ."

ನವಲಗುಂದದವರು ಕಾಕಾನ ಬಲಗಿವಿಗೆ ಬಾಗಿ, "ಗಿಳಿ ಬರೀತಾರಂತ," ಎಂದು ಗಟ್ಟಿಯಾಗಿ ಹೇಳಿದರು.

"ಗಿಳಿನ ಚಲೋ," ಎಂದ ಕಾಕಾ.

ತೊಟ್ಟಿಲು ತಯಾರಾಗಲು ಎರಡು ವಾರ ಹಿಡಿಯಿತು. ಅದನ್ನು ಟೆಂಪೋದಲ್ಲಿ ಹುಬ್ಬಳ್ಳಿಗೆ ಕಳಿಸುವ ದಿನ ಚಿಗವ್ವ ಒಳಗೆ ತನ್ನ ಹಳೆಯ ಇಳಕಲ್ ಸೀರೆಯ ಮೆತ್ತನೆಯ ಕೌದಿ ಹಾಸಿದಳು. ಕಾಕಾ ಹಗ್ಗ ಸಡಿಲಾಗದ ಹಾಗೆ ತಾನೇ ಕಟ್ಟಿ, ಎರಡು ಸಲ ಎಳೆದು ನೋಡಿ, ಡ್ರೈವರ್‌ನಿಗೆ ಹೇಳಿದ: "ಸಾವಕಾಶ ಹೋಗಪಾ. ತಗ್ಗು ದಿನ್ನಿ ನೋಡ್ಕೊಂಡು."